ಗೆರೆಯಾಚೆಯ ಬುಟ್ಟಿ

೧೯೩೮, ಫೆಬ್ರವರಿ ೧೯, ಶನಿವಾರ. ಸಂಜೆ ನಾಲ್ಕು ಗಂಟೆಗೆ ಆಟ ಶುರುವಾಯಿತು. ಸ್ಥಳ, ಮಡಿಕೇರಿಯ ನಮ್ಮ ಹುಡುಗಿಯರ ಶಾಲೆಯ ಅಂಗಳ. ಎದುರಾಳಿಗಳು ಘಟ್ಟದ ಕೆಳಗಿನಿಂದ ಬಂದಿದ್ದ ಒಂದು ಶಾಲೆಯ ತಂಡದವರು.

ಆ ದಿನದವರೆಗೆ ಬಾಸ್ಕೆಟ್‌ಬಾಲಿನಲ್ಲಿ ನಾನು ಗಳಿಸಿದ್ದು ಸೊನ್ನೆ. ಎರಡು ವರ್ಷದ ದಿನಚರಿಯಲ್ಲಿ ಪ್ರತಿ ಆಟದ ಕೆಳಗೂ ಅದನ್ನೇ ಬರೆದಿದ್ದೇನೆ. ನನ್ನ ಗುರಿ ಕೆಟ್ಟದ್ದೇನಲ್ಲ. ಹುಡುಗರಿಗೆ ಇಡೀ ಅಂಗಳ ಒಂದೇ; ಹುಡುಗಿಯರಿಗೆ ಮಾತ್ರ ಸುಣ್ಣದ ಎರಡು ಗೆರೆ ಎಳೆದು ಅದನ್ನು ಮೂರು ಪಾಲು ಮಾಡುತ್ತಿದ್ದರು. ಪಾಲಿಗೆ ಇಬ್ಬರಂತೆ ತಂಡಕ್ಕೆ ಆರು ಜನ. ಯಾರೂ ತಮ್ಮ ಪಾಲು ಬಿಟ್ಟು ಹೋಗುವಂತಿಲ್ಲ. ನಾನು ಬ್ಯಾಕ್. ನಮ್ಮ ಬುಟ್ಟಿ ಕಾಯಬೇಕು, ಚೆಂಡು ಸಿಕ್ಕರೆ ಮುಂದಕ್ಕೆ ಎಸೆಯಬೇಕು, ಆಮೇಲೆ ನಿಂತು ನೋಡಬೇಕು.

"ಯಾಕೆ ಟೀಚರ್?" ಎಂದು ಕೇಳಿದ್ದೆ.

"ಇಡೀ ಅಂಗಳ ಓಡಿದ್ರೆ ಹೆಣ್ಮಕ್ಕಳ ಎದೆ ತಡೆಯೋದಿಲ್ಲಮ್ಮಾ, ಪುಸ್ತಕದಲ್ಲೇ ಉಂಟು" ಎಂದರು ಡ್ರಿಲ್ ಟೀಚರು.

ಸಂಪಾಜೆಯ ನಮ್ಮ ಮನೆಯ ಕಡೆ ಹೆಂಗಸರು ಸೌದೆ ಹೊರೆ ಹೊತ್ತು ಗುಡ್ಡ ಹತ್ತುತ್ತಾರೆ. ಆಗ ಅವರ ಎದೆಯ ಬಗ್ಗೆ ಯಾರೂ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ರಜೆಯಲ್ಲಿ ಅವ್ವನಿಗೆ ಈ ವಿಷಯ ಹೇಳಿದಾಗ ಅವಳು ನಕ್ಕುಬಿಟ್ಟಳು. "ಹಂಗಾರೆ ಇನ್ನ್ ಸೌದೆ ಹೊರಿಕೆ ಆ ಟೀಚರ್ನೇ ಕಳ್ಸು ಮಗ."

ಆ ಶನಿವಾರ ಅರ್ಧ ಆಟ ಮುಗಿಯುವಷ್ಟರಲ್ಲಿ ಎದುರಿನ ಬುಟ್ಟಿಗೆ ಎಸೆಯುವ ನಮ್ಮ ಇಬ್ಬರು ಫಾರ್ವರ್ಡ್‌ಗಳಲ್ಲಿ ಒಬ್ಬಳು ಕಾಲು ಉಳುಕಿ ಹೊರಗೆ ಕುಳಿತಳು. ಬದಲಿಗೆ ಯಾರೂ ಇರಲಿಲ್ಲ. ಮುಂದಿನ ಪಾಲಿನಲ್ಲಿ ಉಳಿದವಳು ಕೊಡ್ಲಿಪೇಟೆಯ ನನ್ನ ಗೆಳತಿ ಒಬ್ಬಳೇ, ಅವಳ ಮೇಲೆ ಇಬ್ಬರ ಕಾವಲು. ನಮ್ಮದು ಎಂಟು ಅಂಕ, ಅವರದು ಹದಿನಾಲ್ಕು.

"ಏನೇ, ಕಂಬದ ಥರ ನಿಂತಿದೀಯ! ಬಾರೇ ಇತ್ಲಾಗೆ!" ಎಂದು ಗೆಳತಿ ಕಿರುಚಿದಳು.

ಚೆಂಡನ್ನು ಸೆಂಟರಿನವಳಿಗೆ ಎಸೆದು ಅದರ ಹಿಂದೆಯೇ ನಾನೂ ಗೆರೆ ದಾಟಿದೆ. ಡ್ರಿಲ್ ಟೀಚರ ಸೀಟಿ. ಚೆಂಡು ಎದುರಾಳಿಗಳಿಗೆ ಹೋಯಿತು. ಮತ್ತೆ ದಾಟಿದೆ, ಮತ್ತೆ ಸೀಟಿ. ಮೂರನೆಯ ಸಲ ಟೀಚರು ನನ್ನ ತೋಳು ಹಿಡಿದುಕೊಂಡರು.

"ಇನ್ನೊಂದ್ಸಲ ದಾಟಿದ್ರೆ ತಂಡದಿಂದಲೇ ಹೊರಗೆ. ಗೊತ್ತಾಯ್ತಾ?"

"ಗೊತ್ತಾಯ್ತು ಟೀಚರ್."

ಗೊತ್ತಿದ್ದೇ ನಾಲ್ಕನೆಯ ಸಲ ದಾಟಿದೆ. ನಾವೆಲ್ಲ ಕೊಡವತಿಯರಂತೆ ನೆರಿಗೆಯನ್ನು ಹಿಂದಕ್ಕಿಟ್ಟು ಸೀರೆ ಉಟ್ಟಿದ್ದರಿಂದ ಕಾಲಿಗೆ ಏನೂ ತೊಡರಲಿಲ್ಲ. ಸೀಟಿ ಕೇಳಿಸಿತು, ನಿಲ್ಲಲಿಲ್ಲ. ಎರಡನೆಯ ಗೆರೆಯನ್ನೂ ದಾಟಿದೆ. ಗೆಳತಿ ಚೆಂಡು ಕೊಟ್ಟಳು, ಎಸೆದೆ. ಚೆಂಡು ಬುಟ್ಟಿಯ ಅಂಚಿಗೆ ಬಡಿದು ಒಳಗೆ ಬಿತ್ತು.

ನಾನು ಬಿಟ್ಟುಬಂದಿದ್ದ ಪಾಲಿನಲ್ಲಿ ಅವರ ಫಾರ್ವರ್ಡ್, ಒಬ್ಬ ಎತ್ತರದ ಹುಡುಗಿ, ಸೊಂಟಕ್ಕೆ ಸೆರಗು ಸಿಗಿಸುತ್ತಿದ್ದಳು. "ಓ, ಹೀಗೂ ಆಡ್ಲಿಕ್ಕೆ ಆಗ್ತದಾ? ನಿಲ್ಲು ಮಾರಾಯ್ತಿ, ನಾನೂ ಬಂದೆ!" ಎಂದವಳೇ ಎರಡೂ ಗೆರೆ ದಾಟಿ ಓಡಿಬಂದಳು. ಅವಳ ಹಿಂದೆ ಉಳಿದವರು. ಹನ್ನೊಂದು ಹುಡುಗಿಯರು ಅಂಗಳದ ತುಂಬ ಓಡಿದೆವು. ಟೀಚರು ಊದಿ ಊದಿ ಉಸಿರು ಕಟ್ಟಿ ಬೆಂಚಿನ ಮೇಲೆ ಕುಳಿತರು. ಸುಣ್ಣವೆಲ್ಲ ನಮ್ಮ ಕಾಲಿಗೆ ಹತ್ತಿತು. ಆ ಹೊತ್ತಿನ ಅಂಕಗಳು ನನ್ನ ದಿನಚರಿಯಲ್ಲಿಲ್ಲ. ಓಡುತ್ತಿದ್ದವಳಿಗೆ ಎಣಿಸಲು ಪುರುಸೊತ್ತಿರಲಿಲ್ಲ.

ಸೋಮವಾರ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳಬೇಕೆಂದು ಹೆಡ್‌ಮಿಸ್ಟ್ರೆಸ್ ನನ್ನನ್ನು ನಿಲ್ಲಿಸಿದರು.

"ಗೆರೆ ದಾಟಿದ್ದು ನಿಜ" ಎಂದೆ. "ಎದೆಗೆ ಏನೂ ಆಗಿಲ್ಲ. ಬೇಕಾದರೆ ಡಾಕ್ಟರಿಗೆ ತೋರಿಸಿ."

ನನ್ನನ್ನು ತಂಡದಿಂದ ತೆಗೆದರು. ಗೆಳತಿ ತಾನೇ ಹೊರಗೆ ಬಂದಳು. ಕಾಲು ಉಳುಕಿದವಳ ಮನೆ ಪೊನ್ನಂಪೇಟೆಯ ಹತ್ತಿರದ ಎಸ್ಟೇಟಿನಲ್ಲಿದೆ. ಏಪ್ರಿಲ್ ರಜೆಯಲ್ಲಿ, ಕಾಫಿ ಒಣಗಿಸುವ ಕಣ ಖಾಲಿಯಾದ ಮೇಲೆ, ಮೂವರೂ ಅಲ್ಲಿ ಸೇರಿದೆವು. ಕಾಫಿ ಕುಯ್ಯುವ ಬುಟ್ಟಿಯ ತಳ ಕತ್ತರಿಸಿ ಹಲಸಿನ ಮರಕ್ಕೆ ಕಟ್ಟಿದೆವು. ಗೆರೆ ಎಳೆಯಲಿಲ್ಲ. ಈ ವರ್ಷವೂ ಅಲ್ಲೇ ಆಡುತ್ತೇವೆ.

ಆ ಎತ್ತರದ ಹುಡುಗಿಯ ಹೆಸರು ಕೇಳಲು ಆಗಲಿಲ್ಲ. ಆಟ ನಿಂತ ಕೂಡಲೇ ಅವರನ್ನು ಬಸ್ಸು ಹತ್ತಿಸಿದರು. ಅವಳನ್ನೂ ಪ್ರಾರ್ಥನೆಯಲ್ಲಿ ನಿಲ್ಲಿಸಿದರೇ? ಏನು ಉತ್ತರ ಕೊಟ್ಟಳು? ಈಗಲೂ ಆಡುತ್ತಾಳೆಯೇ? ಬಲ್ಲವರು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಬೇಕು. ಅವಳೇ ಇದನ್ನು ಓದಿದರೆ ಬರೆಯುವುದೂ ಬೇಡ, ಬಂದುಬಿಡಲಿ. ನಾವು ಮೂವರಿದ್ದೇವೆ, ಇಬ್ಬರಿಬ್ಬರು ಆಡಲು ಇನ್ನೊಬ್ಬಳು ಬೇಕು.