ಒದ್ದೆಬಟ್ಟೆಯಲ್ಲಿ ಒರೆಸಿದ ಎಲೆಗಳು

ಮಾರ್ಚ್ ಹನ್ನೊಂದು. ನಸುಕಿನಲ್ಲಿ ದಟ್ಟ ಮಂಜು ಕವಿದಿತ್ತು. ಊಟದ ಹೊತ್ತಿಗೆ ಬಿಸಿಲು ಚುರುಗುಟ್ಟಿತು. ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದ ಕಂಬಳಿಯಕ್ಕ ಅಂದು ಮೊದಲ ಬಾರಿಗೆ ಗೋಡೆ ಹಿಡಿಯದೆ ಬಾಲ್ಕನಿಯವರೆಗೆ ನಡೆದರು. ಅಲ್ಲಿದ್ದ ಸಸಿಗಳನ್ನು ಕಂಡು ಬಗ್ಗಿ ಎಲೆಗಳನ್ನು ದಿಟ್ಟಿಸಿದರು.

ಸಸ್ಯತೋಟದಲ್ಲಿ ಸಸಿ ಬೆಳೆಸುವುದು ಅವರ ಕೆಲಸ. ಮದುವೆಯಾದ ಹೊಸದರಲ್ಲಿ ಮಣ್ಣು ಜರಡಿ ಹಿಡಿಯಲು ಸೇರಿದವರು ಅಲ್ಲೇ ಬೇರುಬಿಟ್ಟಿದ್ದರು. ಬೆಟ್ಟದ ನೆತ್ತಿಯ ಬಂಡೆಸಂದಿಯಲ್ಲಷ್ಟೇ ಬೆಳೆಯುವ, ಸೇವಂತಿಗೆಯ ಬಳಗದ ಒಂದು ಪೊದೆಗಿಡವೆಂದರೆ ಅವರಿಗೆ ಪ್ರಾಣ. ಹಳದಿ ಹೂ, ಬೂದುಬಣ್ಣದ ಎಲೆ. ಎಲೆಯ ಮೈತುಂಬ ಬಿಳಿಯ ನವಿರುಗೂದಲು. ಚಳಿಗೂ ಉರಿಬಿಸಿಲಿಗೂ ಗಿಡಕ್ಕೆ ಅದೇ ಹೊದಿಕೆ. ‘ಇದು ಕಂಬಳಿ ಹೊದ್ದ ಗಿಡ’ ಎಂದು ಬಂದವರಿಗೆಲ್ಲ ಹೇಳಿ ಹೇಳಿ ಆ ಹೆಸರು ಅವರಿಗೇ ಅಂಟಿಕೊಂಡಿತ್ತು. ಹಿಂದಿನ ಮಳೆಗಾಲದಲ್ಲಿ ಬೆಟ್ಟದ ಮಗ್ಗುಲು ಕುಸಿದು ಗಿಡಗಳೆಲ್ಲ ಮಣ್ಣುಪಾಲಾದವು. ಅದಕ್ಕೆ ಮುಂಚೆ ಆರಿಸಿಟ್ಟ ಬೀಜದಿಂದ ಎದ್ದ ಒಂದು ತಟ್ಟೆ ಸಸಿಯಷ್ಟೇ ಉಳಿದಿತ್ತು. ತೋಟದ ಚಾವಣಿಯನ್ನು ರಿಪೇರಿಗೆ ಬಿಚ್ಚಿದ್ದರಿಂದ ಅದನ್ನು ಮನೆಗೆ ತಂದಿಟ್ಟಿದ್ದರು.

ಈಗ ಆ ಎಲೆಗಳು ಬೋಳಾಗಿ, ಹಸಿರಾಗಿ ಮಿರುಗುತ್ತಿದ್ದವು.

“ಹೇಗಿದೆ ಅತ್ತಿಗೆ?” ನಾದಿನಿ ಹೆಮ್ಮೆಯಿಂದ ಕೇಳಿದಳು. “ಎಲ್ಲಾ ಬೂಷ್ಟು ಹಿಡಿದಿತ್ತು. ಒದ್ದೆಬಟ್ಟೇಲಿ ಒಂದೊಂದೇ ಎಲೆ ಉಜ್ಜಿ ತೆಗೆದೆ. ನನ್ನ ಮಕ್ಕಳ ಕಿವೀನೂ ಇಷ್ಟು ಚೆನ್ನಾಗಿ ತೊಳೆದಿಲ್ಲ!”

ಕಂಬಳಿಯಕ್ಕನಿಗೆ ಬೈಯಲು ಮನಸ್ಸಾಗಲಿಲ್ಲ. ತನ್ನ ಹೊಲಿಗೆ ಅಂಗಡಿಗೆ ಬೀಗ ಜಡಿದು ಆರೈಕೆಗೆ ಬಂದವಳು ಅವಳು. ಮುಖ ಸಿಂಡರಿಸದೆ ವಾಂತಿ ಬಳಿದವಳು.

“ಅದು ಬೂಷ್ಟಲ್ಲಮ್ಮಾ, ಅದರ ಕಂಬಳಿ.”

“ಅಯ್ಯೋ ದೇವರೇ! ನೀವು ಚಳಿ ತಡೀಲಾರ್ರಿ, ಅದಕ್ಕೇ ಕಂಬಳಿಯಕ್ಕ ಅಂತಾರೆ ಅಂದ್ಕೊಂಡಿದ್ದೆ. ಇವು ಇನ್ನು ಬದುಕಲ್ವಾ?”

“ಹೊಸ ಚಿಗುರು ಬರೋ ತನಕ ಬಿಸಿಲು ತಡ್ಕೊಂಡ್ರೆ ಬದುಕ್ತವೆ.”

“ಹಾಗಾದ್ರೆ ಬಟ್ಟೆ ಬಿಚ್ಚಿದವಳೇ ಬಟ್ಟೆ ಹೊಲೀತಾಳೆ, ಬಿಡಿ.”

ತಂತಿ ಬಗ್ಗಿಸಿ ಕಮಾನು ಮಾಡಿ, ಕೂಸಿನ ಅಂಗಿಗೆ ಅಳತೆ ತೆಗೆದಂತೆ ಅಳೆದು, ತೆಳುವಾದ ಬಿಳಿ ಹತ್ತಿಬಟ್ಟೆಯ ಗವುಸು ಹೊಲಿದಳು. ಬಿಸಿಲೇರಿದರೆ ಹೊದಿಸುವಳು, ಇಳಿದರೆ ತೆಗೆಯುವಳು. ಆದರೂ ಎಲೆಗಳು ಕಂದಿ ಉದುರಿದವು. ಕೆಲವು ಸಸಿಗಳು ಸತ್ತೇಹೋದ ದಿನ ಅವಳು ಊಟ ಬಿಟ್ಟು ಕುಳಿತಳು.

“ನೀನೂ ಮಲಗಿದ್ರೆ ನೋಡ್ಕೊಳ್ಳೋರ್ಯಾರು? ನಾನಿನ್ನೂ ನೆಟ್ಟಗೆ ನಿಲ್ಲಲಾರೆ,” ಎಂದು ಕಂಬಳಿಯಕ್ಕ ಗದರಿ, ಊಟದ ತಟ್ಟೆಯನ್ನು ಕೈಗೆ ಕೊಟ್ಟರು.

ಉಳಿದವುಗಳ ತುದಿಯಲ್ಲಿ ಕೊನೆಗೂ ಚಿಗುರು ಕಾಣಿಸಿತು, ಇಲಿಮರಿಯ ಕಿವಿಯಷ್ಟು. ಮೇಲೆಲ್ಲ ಬೆಳ್ಳಗಿನ ನವಿರು.

ಮಳೆ ಹಿಡಿಯುವ ಮುನ್ನ ಇಬ್ಬರೂ ತೋಟದವರೊಂದಿಗೆ ಬೆಟ್ಟ ಹತ್ತಿದರು. ಕುಸಿಯದೆ ಉಳಿದ ಬಂಡೆಗಳ ಸಂದಿಯಲ್ಲಿ ಸಸಿ ಊರುವಾಗ ನಾದಿನಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ದೂರ ನಿಂತಿದ್ದಳು.

“ಬಾ, ಇದನ್ನ ನೀನು ನೆಡು.”

“ಬೇಡಿ ಅತ್ತಿಗೆ, ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ.”

“ನನಗಿದೆ. ಆ ಕೈ ಹಿಡ್ಕೊಂಡೇ ನಾನು ಹಾಸಿಗೆಯಿಂದ ಎದ್ದಿದ್ದು.”

ಅವಳು ಮೊಣಕಾಲೂರಿ ಸಸಿ ನೆಟ್ಟಳು. ಎಲೆ ಮುಟ್ಟದೆ, ಬುಡದ ಮಣ್ಣನ್ನಷ್ಟೇ ಒತ್ತಿದಳು.

ಅಂದು ರಾತ್ರಿ ಕಂಬಳಿಯಕ್ಕ ದಿನದ ಖರ್ಚು ಬರೆದಿಟ್ಟರು: ಇಬ್ಬರ ಬಸ್ಸಿಗೆ ನಲವತ್ತು, ಚಹಾಕ್ಕೆ ಇಪ್ಪತ್ತು, ಇಳಿಯುವಾಗ ಕಿತ್ತ ನಾದಿನಿಯ ಚಪ್ಪಲಿಯ ಪಟ್ಟಿ ಹೊಲಿಸಿದ್ದಕ್ಕೆ ಹದಿನೈದು.