ಇಲ್ಲದ ಜಮೀನಿನಲ್ಲಿ ನನಗೊಂದು ಕೆಲಸ

"ನಮ್ ಜಮೀನಾಗೆ ಮೂಡ್ಲ ಕಡೆ ಬಾವಿ ತೆಗೀಬೇಕು" ಎಂದು ಹನುಮ ಹೇಳಿದ್ದು ಕಿವಿಗೆ ಬಿದ್ದದ್ದೇ ತಡ, ನಾನು ಹುಲ್ಲಿನ ಬಣವೆಯ ಹಿಂದೆ ಅಡಗಿ ನಿಂತೆ. ಮೈಸೂರು ಸರ್ಕಾರ ಕಾನೂನು ಮಾಡಿ ಉಳುವವನಿಗೇ ಭೂಮಿ ಕೊಡುತ್ತದಂತೆ ಎಂದು ಸೊರಬದ ಪೇಟೆಯಲ್ಲಿ ಗುಲ್ಲೆದ್ದಿತ್ತು. ಹೊಸಬಾಳೆಯ ನನ್ನ ಕಣದಲ್ಲೇ ಕೂತು, ನನ್ನ ಅನ್ನ ಉಂಡು, ನನ್ನ ಜಮೀನಿಗೇ ಸಂಚು! ಹನುಮ, ಬಸ್ಯ ಇಬ್ಬರೂ ಶಿಕಾರಿಪುರದ ಕಡೆಯಿಂದ ಬಂದ ವರ್ಷದ ಆಳುಗಳು. ಗಾಡಿಯ ನೆರಳಲ್ಲಿ ಬುತ್ತಿ ಬಿಚ್ಚಿದ್ದರು.

ಕೇಳುತ್ತ ಹೋದಂತೆ ತಿಳಿಯಿತು, ಆ ಜಮೀನು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಆದರೂ ಅದರಲ್ಲಿ ಎಮ್ಮೆ ಆಗಲೇ ಕರು ಹಾಕಿತ್ತು, ಕೋಳಿಗಳು ಮೊಟ್ಟೆಯಿಟ್ಟಿದ್ದವು. ಅವರೆಕಾಯಿ ಚಪ್ಪರ ಎಲ್ಲಿ ಹಾಕುವುದೆಂಬುದೊಂದೇ ಬಾಕಿ. ಈ ಮಹಾ ಸಾಹುಕಾರರನ್ನು ಗದರಿಸಿ ಕೆಲಸಕ್ಕೆ ಎಬ್ಬಿಸೋಣವೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬಸ್ಯ ಕೇಳಿದ: "ನಾವು ಹೋದ್ರೆ ಗೌಡ್ರು ಒಬ್ರೇ ಆಗ್ತಾರಲ್ಲೋ?"

"ಈಗೇನ್ ಅವ್ರ ಸುತ್ತ ಜನ ತುಂಬ್ಯಾರಾ? ಅವ್ರನ್ನೂ ಕರ್ಕಂಡು ಹೋಗಾಣ. ಒಂದ್ ಮೂಲೇಲಿ ಕುಂತ್ಕಂಡು ಕೋಳಿ ಕಾಯ್ಲಿ, ನಮ್ ಜೊತಿಗೆ ಉಣ್ಲಿ" ಎಂದ ಹನುಮ.

ಲಿಂಗ ಕಟ್ಟಿದ ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಕೋಳಿ ಕಾದವರಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಎಲೆಯ ಮುಂದೆ ಕೂರುವ ಜಮೀನುದಾರನಾದ ನಾನು, ಕೆಮ್ಮದೆ, ಬಂದ ದಾರಿಯಲ್ಲೇ ಹಿಂತಿರುಗಿದೆ.

ಕಾನೂನಿನ ಭಯ ಅಂದೇ ಬಿಟ್ಟುಹೋಯಿತು. ಈಗ ಇರುವುದು ಬೇರೆ ಭಯ. ಹನುಮನನ್ನು ಗದರಿದ ದಿನವೆಲ್ಲ, ಆ ಕೋಳಿ ಕಾಯುವ ಕೆಲಸ ಕೈತಪ್ಪಿತೇನೋ ಎಂದು ಮನಸ್ಸು ಅಳುಕುತ್ತದೆ.