ಬೂಟ್ ಫ್ಲಾಪಿಗೆ ಕುಂಕುಮ

ಇ-ಮೇಲ್ ಬಳಗದ ಗೆಳೆಯರೇ, ಇಲ್ಲಿ ಅಮೆರಿಕದ ಕಾಲೇಜು ಲೈಬ್ರರಿಯಲ್ಲಿ ಕೂತು ಬರೆಯುತ್ತಿದ್ದೇನೆ, ನೀವೇ ನ್ಯಾಯ ಹೇಳಿ. ನಾಳೆ ಕೊಡಬೇಕಾದ ಪ್ರಾಜೆಕ್ಟು ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿದೆ. ಬೆಳಿಗ್ಗೆ ಅದು ಪರದೆಯ ಮೇಲೆ ಎರಡಕ್ಷರ ತೋರಿಸಿ ನಿಂತುಬಿಟ್ಟಿತು. ಹೀಗೆ ನಿಂತ ಕಂಪ್ಯೂಟರನ್ನು ಮತ್ತೆ ಶುರುಮಾಡಲೆಂದೇ ಮಾಡಿಟ್ಟಿದ್ದ ಬೂಟ್ ಫ್ಲಾಪಿ ಹಾಕಿದರೆ ಡ್ರೈವು ಕರಕರ ಎಂದಿತು. ತೆಗೆದು ನೋಡಿದೆ: ತಗಡಿನ ಬಾಗಿಲ ಹಿಂದೆ, ತಿರುಗುವ ಚಕ್ರದ ತುಂಬ ಅರಿಶಿನ, ಕುಂಕುಮ! ನಾನಿರುವುದು ಚಿಕ್ಕಮ್ಮನ ಮನೆಯಲ್ಲಿ; ನಿನ್ನೆ ಅವರು ಆಯುಧಪೂಜೆ ಮಾಡಿದ್ದರು.

“ಚಿಕ್ಕಮ್ಮ, ಒಳಗ್ಯಾಕೆ ಹಚ್ಚಿದ್ರಿ? ಇಟ್ಸ್ ಡೆಡ್!”

“ಹಾಸ್ಟೆಲಲ್ಲಿ ಬೆಳೆದೋನು, ಪೂಜೆ ಬಗ್ಗೆ ನಿಂಗೇನ್ ಗೊತ್ತೋ? ಕೆಲಸ ಮಾಡೋದು ಒಳಗಿಂದು ತಾನೇ? ಕಂಪ್ಯೂಟರ್ ಬಿಚ್ಚಿ ಅದರೊಳಗೂ ಹಚ್ಚೋಣ ಅಂತಿದ್ದೆ, ಸ್ಕ್ರೂಡ್ರೈವರ್ ಸಿಗ್ಲಿಲ್ಲ.”

ಸ್ಯಾನ್ ಹೊಸೆಯಲ್ಲಿರುವವರು ಯಾರಾದರೂ ಸಂಜೆಯೊಳಗೆ ಒಂದು ಬೂಟ್ ಫ್ಲಾಪಿ ತಂದುಕೊಡಿ. ದಯವಿಟ್ಟು ಸ್ಕ್ರೂಡ್ರೈವರ್ ಮಾತ್ರ ತರಬೇಡಿ.